ಐದನೆಯ ಸಿಲಿಂಡರು

ಸೈಮಾ ಓಯಾಲಾಳ ಪಿಕಪ್ಪು
ನಿನ್ನೆ ಸಂಜೆಯಿಂದ ಶೆಡ್ಡಿನ ಹೊರಗೇ ನಿಂತಿದೆ.
ಬೇಕೆಂದೇ ನಿಲ್ಲಿಸಿದ್ದು. ಸೊನ್ನೆಗಿಂತ ಹದಿನೆಂಟು ಕೆಳಗೆ,
ಸುಪೀರಿಯರ್ ಸರೋವರದ ಮೇಲಿಂದ ಗಾಳಿ.
ರೋಗ ಬೆಳಿಗ್ಗೆ ಮಾತ್ರ ಬರುತ್ತದಂತೆ;
ಬೆಚ್ಚಗೆ ಕೂರಿಸಿ ವಿಚಾರಿಸಿದರೆ
ಯಾವ ಗಾಡಿಯೂ ನಿಜ ಹೇಳುವುದಿಲ್ಲ.

ಮೂರು ಲಕ್ಷದ ಹನ್ನೆರಡು ಸಾವಿರ ಮೈಲಿ.
ದೇಶ ಸುತ್ತಿದ್ದಲ್ಲ, ಅಂಚೆ ಡಬ್ಬಿಯಿಂದ ಅಂಚೆ ಡಬ್ಬಿಗೆ,
ದಿನಕ್ಕೆ ಇನ್ನೂರ ಎಂಬತ್ತಾರು ಸಲ
ನಿಂತು, ಹೊರಟು, ಮತ್ತೆ ನಿಂತು.
ಬಲಗಡೆ ಕೂತು ಎಡಗಾಲು ಚಾಚಿ ಓಡಿಸುತ್ತಾಳೆ ಸೈಮಾ.
ಬಲಗಡೆ ಸೀಟು ಹರಿದು ಸ್ಪಂಜು ಕಾಣುತ್ತದೆ,
ಡ್ರೈವರ್ ಸೀಟು ಇನ್ನೂ ಹೊಸದು.

ಕೀಲಿ ತಿರುಗಿಸಿದೆ. ಟಕ್.
ಮತ್ತೆ ಟಕ್.
ಸ್ಟಾರ್ಟರು ಸತ್ತಿದೆ ಅಂದ ಕೋಲ್ಬಿ,
ಕೆಲಸಕ್ಕೆ ಸೇರಿ ಆರು ವಾರ.
ಸಾವು ಸಾರಲು ಅಷ್ಟು ಅವಸರ ಬೇಡ ಮಾರಾಯ.
ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಎಂಜಿನ್ನಿನ ಬರಿಮೈಗೆ. ಈಗ ತಿರುಗಿಸು.
ಎರಡೂವರೆ ವೋಲ್ಟು ದಾರಿಯಲ್ಲೇ ಖರ್ಚು!
ಅರ್ಥಿಂಗ್ ತಂತಿ: ಹೊರಗೆ ಗಟ್ಟಿಮುಟ್ಟು,
ಬಗ್ಗಿಸಿದರೆ ಒಳಗೆ ಹಸಿರು ಪುಡಿ,
ಹದಿನಾರು ಚಳಿಗಾಲ ರಸ್ತೆಗೆ ಸುರಿದ ಉಪ್ಪು.
ಹೊಸ ತಂತಿಗೆ ಹನ್ನೊಂದು ಡಾಲರು.

ಈಗ ಹತ್ತಿತು, ಆದರೆ ಕುಂಟುತ್ತ.
ಏಳು ಹೆಜ್ಜೆ, ಒಂದು ತಪ್ಪು.
ಏಳು ಹೆಜ್ಜೆ, ಒಂದು ತಪ್ಪು.
ಒಂದು ನಿಮಿಷ ಮೈಯೆಲ್ಲ ನಡುಗಿ
ಆಮೇಲೆ ಏನೂ ಆಗದವರ ಹಾಗೆ ತಣ್ಣಗೆ ಓಡಿತು.
ಐದನೆಯದು, ಅಂದಿತು ಸ್ಕ್ಯಾನರು.
ಎಂಟೂ ಕಾಯಿಲ್ ಬದಲಿಸೋಣ, ಅಂದ ಕೋಲ್ಬಿ.
ದುಡ್ಡು ನಿಮ್ಮಪ್ಪ ಕೊಡುತ್ತಾನೆಯೇ?

ಐದರ ಕಾಯಿಲು ಮೂರಕ್ಕೆ, ಮೂರರದ್ದು ಐದಕ್ಕೆ.
ಕಳ್ಳ ಮನೆ ಬದಲಿಸಿದರೆ ಕಳವೂ ಜೊತೆಗೆ ಹೋಗಬೇಕು.
ಒಂದು ರಾತ್ರಿ ಕಾದೆವು. ಹೋಗಲಿಲ್ಲ.
ಪ್ಲಗ್ಗು ಅದಲು ಬದಲು, ಇನ್ನೊಂದು ರಾತ್ರಿ.
ಕಂಪ್ರೆಶನ್ನು ಸರಿಯಿದೆ. ಉದ್ದ ಸ್ಕ್ರೂಡ್ರೈವರಿನ ಹಿಡಿ
ಕಿವಿಗೆ ಒತ್ತಿದರೆ ಇಂಜೆಕ್ಟರುಗಳ ಟಿಕ್ಕು
ಎಂಟರದ್ದೂ ಒಂದೇ.

ಮೊದಲೇ ಕೇಳಬೇಕಾದ್ದನ್ನು ಆಗ ಫೋನಿನಲ್ಲಿ ಕೇಳಿದೆ:
ಕೂಲಂಟು ಎಷ್ಟು ದಿನಕ್ಕೊಮ್ಮೆ ಹಾಕುತ್ತೀ?
ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.
'ವಾರಕ್ಕೊಮ್ಮೆ. ಚೂರೇ ಚೂರು.
ಎಲ್ಲಿ ಸೋರುತ್ತೆ ಅಂತ ಗಾಡಿ ಕೆಳಗೆ ರಟ್ಟು ಹಾಸಿದೆ.
ರಟ್ಟು ಒಣಗೇ ಇತ್ತು.'
ಒಣಗಿದ ರಟ್ಟಿನಷ್ಟು ಕೆಟ್ಟ ಸುದ್ದಿ
ನಮ್ಮ ಕಸುಬಿನಲ್ಲಿ ಕಡಿಮೆ.

ರೇಡಿಯೇಟರಿಗೆ ರಾತ್ರಿಯಿಡೀ ಒತ್ತಡ ಕೊಟ್ಟು
ಬೆಳಿಗ್ಗೆ ಪ್ಲಗ್ಗು ಬಿಚ್ಚಿ
ಹುಲ್ಲುಕಡ್ಡಿ ಗಾತ್ರದ ಕ್ಯಾಮೆರಾ ಇಳಿಸಿದೆ.
ಒಂದು, ಕಪ್ಪು. ಮೂರು, ಕಪ್ಪು.
ಏಳು, ಮಸಿ ಹಿಡಿದ ಒಲೆ.
ಐದು
ಥಳಥಳ, ತೊಳೆದು ಬೋರಲು ಹಾಕಿದ ತಟ್ಟೆ.
ಅಂಚಿನಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಹನಿ.
ರಾತ್ರಿ ಜಿನುಗಿದ್ದು ಬೆಳಿಗ್ಗೆ ಆವಿಯಾಗಿ
ದಿನಾ ದಿನಾ ಉಜ್ಜಿದ ಹೊಳಪು.
ಕುಂಬಳಕಾಯಿ ಕಳ್ಳನ ಹೆಗಲ ಮೇಲಿನ ಬೂದಿ ಅಂದರೆ ಇದೇ,
ಇಲ್ಲಿ ಶುಚಿಯಾಗಿರುವುದೇ ತಪ್ಪೊಪ್ಪಿಗೆ.

ಹೆಡ್ಡು ಬಿಚ್ಚಬೇಕು. ಗಾಡಿಯ ಬೆಲೆಗಿಂತ
ಮುನ್ನೂರು ಡಾಲರು ಹೆಚ್ಚೇ ಆಗುತ್ತದೆ.
ಸೈಮಾ ಕೈಗವಸು ತೆಗೆಯದೆ
ಪರದೆಯ ಮುಂದೆ ಬಹಳ ಹೊತ್ತು ನಿಂತಳು.
'ಚೆಂದ ಇದೆ,' ಅಂದಳು.
'ತಂತಿಗೆ ಎಷ್ಟಾಯಿತು?'

ಹನ್ನೊಂದು ಎಣಿಸಿ ಬೆಂಚಿನ ಮೇಲಿಟ್ಟು
ಬಲಗಡೆ ಬಾಗಿಲಿಂದ ಹತ್ತಿ ಎಡಗಾಲು ಚಾಚಿದಳು.
ಏಳು ಹೆಜ್ಜೆ, ಒಂದು ತಪ್ಪು,
ಪಕ್ಕದಲ್ಲಿ ಕೋಲ್ಬಿ ಕಣ್ಣು ಮುಚ್ಚಿ ಎಣಿಸುತ್ತಿದ್ದ.
ತಿರುವು ದಾಟುವಷ್ಟರಲ್ಲಿ ನೆಟ್ಟಗಾಯಿತು ಲೆಕ್ಕ.
ಅಂಗಳದಲ್ಲಿ ಬಿಳಿ ಹೊಗೆ ಕದಲದೆ ನಿಂತೇ ಇತ್ತು,
ಚೂರು ಸಿಹಿ ವಾಸನೆ.